ನಳ್ಳಿ ನೀರಿನ ರಾಜಕೀಯ ಮತ್ತು ದಿಲ್ಲಿಯ ದಾರಿ

ಡೊಂಬಿವಲಿಯ ಹಿರಿಯ ಓದುಗರಿಗೆ ನಮಸ್ಕಾರ.

ಮುಂಬಯಿ ಕನ್ನಡಿಗರ ಮಕ್ಕಳು ವಾರ್ಡಿನ ರಾಜಕೀಯಕ್ಕೂ ಇಳಿಯಬೇಕು ಎಂದು ಕಳೆದ ಸಂಚಿಕೆಯಲ್ಲಿ ನಾನು ಬರೆದದ್ದು ನಿಮಗೆ ಹಿಡಿಸಲಿಲ್ಲ. "ಗಟಾರ, ನಳ್ಳಿ ನೋಡಿಕೊಂಡಿದ್ದವರು ಯಾವಾಗ ದೇಶದ ನಾಯಕರಾಗಿದ್ದಾರೆ? ಜಾರ್ಜ್ ಫರ್ನಾಂಡಿಸರ ಹೆಸರು ಯಾಕೆ ಎಳೆದು ತಂದಿರಿ? ಅವರು ರೈಲ್ವೆ ಮುಷ್ಕರದಿಂದ ದೊಡ್ಡವರಾದವರು" ಎಂದು ಬರೆದಿದ್ದೀರಿ. ಜೊತೆಗೆ, ಮುಲುಂಡಿನಲ್ಲಿರುವ ನಿಮ್ಮ ಅಣ್ಣನ ಮಗ ಮುಂದಿನ ಸಲ ಪಾಲಿಕೆಗೆ ನಿಲ್ಲುತ್ತೇನೆ ಅಂತ ಹಟ ಹಿಡಿದಿದ್ದಾನೆ, ನನ್ನ ಲೇಖನ ಓದಿ ಅವನ ತಲೆ ಇನ್ನಷ್ಟು ಕೆಟ್ಟಿದೆ ಎಂದು ದೂರಿದ್ದೀರಿ. ನಾಲ್ಕು ಸಾಲಿನಲ್ಲಿ ಮುಗಿಯುವ ಉತ್ತರ ಅಲ್ಲ ಇದು. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ಜಾರ್ಜ್‌ರಿಂದಲೇ ಶುರು ಮಾಡೋಣ. ರೈಲ್ವೆ ಮುಷ್ಕರ ನಡೆದದ್ದು 1974ರಲ್ಲಿ. ಅದಕ್ಕೆ ಹದಿಮೂರು ವರ್ಷ ಮೊದಲೇ, 1961ರಲ್ಲಿ, ಅವರು ಮುಂಬಯಿ ಪಾಲಿಕೆಗೆ ಆರಿಸಿ ಬಂದಿದ್ದರು. 1968ರ ತನಕ ಅಲ್ಲಿ ಸದಸ್ಯರಾಗಿದ್ದರು. ಮಂಗಳೂರಿನಿಂದ ಅವರು ಇಲ್ಲಿಗೆ ಬಂದದ್ದು 1949ರಲ್ಲಿ. ಕೈಯಲ್ಲಿ ಕಾಸಿಲ್ಲ, ಮಲಗಲು ಚೌಪಾಟಿಯ ಬೆಂಚು. ಪತ್ರಿಕೆಯೊಂದರಲ್ಲಿ ಪ್ರೂಫ್ ತಿದ್ದುವ ಕೆಲಸ ಸಿಕ್ಕಿತು. ಬಂದರು ಕಾರ್ಮಿಕರ ನಾಯಕ ಪಿ. ಡಿಮೆಲ್ಲೊ ಅವರ ಜೊತೆ ಸೇರಿ ಯೂನಿಯನ್ ಕೆಲಸ ಕಲಿತರು. ಪಾಲಿಕೆಯ ಕಸ ಗುಡಿಸುವವರು, ಟ್ಯಾಕ್ಸಿ ಓಡಿಸುವವರು, ಹೊಟೇಲಿನ ಹುಡುಗರು ಇವರ ಜನ. ಅವರ ಕಷ್ಟ ಏನಿದ್ದರೂ ಅದು ಕೊನೆಗೆ ಹೋಗಿ ಸೇರುವುದು ಪಾಲಿಕೆಯ ಯಾವುದೋ ಒಂದು ಮೇಜಿಗೆ. ಹಾಗಾಗಿ ಬೀದಿಯಲ್ಲಿ ಕೂಗಿದ್ದನ್ನು ಸಭೆಯೊಳಗೂ ಕೇಳಲು ಅವರಿಗೆ ಆ ಕುರ್ಚಿ ಬೇಕಿತ್ತು.

ಈಗ 1967ಕ್ಕೆ ಬನ್ನಿ. ದಕ್ಷಿಣ ಮುಂಬಯಿ ಲೋಕಸಭಾ ಕ್ಷೇತ್ರ. ಎದುರಾಳಿ ಎಸ್.ಕೆ. ಪಾಟೀಲ್, ಕೇಂದ್ರದ ರೈಲ್ವೆ ಮಂತ್ರಿ, ಮುಂಬಯಿಯ ಪಟ್ಟಾಭಿಷೇಕವಿಲ್ಲದ ರಾಜ ಅಂತ ಹೆಸರು. ದೇವರೇ ಬಂದರೂ ತನ್ನನ್ನು ಸೋಲಿಸಲಾಗದು ಎಂದರು ಎಂಬ ಕತೆ ಇವತ್ತಿಗೂ ಓಡಾಡುತ್ತಿದೆ. ಜಾರ್ಜ್ ಗೆದ್ದರು, ದೇಶಕ್ಕೆಲ್ಲ ಗೊತ್ತಾದರು. ಈ ಕತೆ ಹೇಳುವವರು ಒಂದು ಸಂಗತಿ ಬಿಟ್ಟುಬಿಡುತ್ತಾರೆ. ಪಾಟೀಲರೂ ಪಾಲಿಕೆಯಿಂದಲೇ ಮೇಲೆ ಬಂದವರು. 1949ರಿಂದ 1952ರ ನಡುವೆ ಸತತ ಮೂರು ಸಲ ಮುಂಬಯಿಯ ಮೇಯರ್ ಆಗಿದ್ದವರು. ಅಂದರೆ ದೇಶವೇ ಬಾಯಿ ಬಿಟ್ಟು ನೋಡಿದ ಆ ಕುಸ್ತಿ ಒಬ್ಬ ಮಾಜಿ ಮೇಯರ್‌ಗೂ ಒಬ್ಬ ಹಾಲಿ ಕಾರ್ಪೊರೇಟರ್‌ಗೂ ನಡೆದದ್ದು! ಒಬ್ಬರು ದಿಲ್ಲಿಗೆ ಹೋಗಿ ವರ್ಷಗಳಾಗಿದ್ದವು. ಇನ್ನೊಬ್ಬರು ಓಣಿಯಲ್ಲೇ ಇದ್ದರು. ನನ್ನ ಲೆಕ್ಕದಲ್ಲಿ ಗೆಲುವಿನ ಗುಟ್ಟು ಅರ್ಧ ಅಲ್ಲೇ ಇದೆ. ಮುಂದೆ 1989ರಲ್ಲಿ ಜಾರ್ಜ್ ಅದೇ ರೈಲ್ವೆ ಖಾತೆಯ ಮಂತ್ರಿಯಾದರು, ಕೊಂಕಣ ರೈಲಿಗೆ ಚಾಲನೆ ಕೊಟ್ಟರು. ಊರಿಗೆ ಹೋಗುವಾಗ ನೀವೂ ನಾನೂ ಹತ್ತುವ ರೈಲು, ಅಲ್ವಾ?

"ಒಬ್ಬ ಜಾರ್ಜ್, ಅಪವಾದ" ಅನ್ನಬಹುದು ನೀವು. ಅಪವಾದ ಅಲ್ಲ. ಸಿಎಸ್‌ಎಂಟಿ ರೈಲು ನಿಲ್ದಾಣದ ಎದುರು ಪಾಲಿಕೆ ಕಟ್ಟಡದ ಮುಂದೆ ನಿಂತಿರುವ ಪ್ರತಿಮೆ ಫಿರೋಜ್‌ಷಾ ಮೆಹ್ತಾರದ್ದು. ಪಾಲಿಕೆಯಲ್ಲಿ ಪಳಗಿದವರು, 1890ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು. ವಿಠ್ಠಲಭಾಯಿ ಪಟೇಲರು ಇಲ್ಲಿನ ಪಾಲಿಕೆಯ ಅಧ್ಯಕ್ಷರಾಗಿದ್ದವರು, 1925ರಲ್ಲಿ ಕೇಂದ್ರ ಶಾಸನಸಭೆಯ ಅಧ್ಯಕ್ಷ ಪೀಠ ಏರಿದರು. ಅವರ ತಮ್ಮ ವಲ್ಲಭಭಾಯಿ ಅಹಮದಾಬಾದ್ ಪುರಸಭೆಯಲ್ಲಿ, ರಾಜಾಜಿ ಸೇಲಂನಲ್ಲಿ, ನೆಹರೂ ಅಲಹಾಬಾದ್‌ನಲ್ಲಿ, ರಾಜೇಂದ್ರ ಪ್ರಸಾದ್ ಪಟ್ನಾದಲ್ಲಿ. ಪುಣೆಯಲ್ಲಿ ಜೋತಿಬಾ ಫುಲೆ, ಆಮೇಲೆ ಟಿಳಕ್, ಗೋಖಲೆ. ಸುಭಾಷ್ ಬೋಸರು 1924ರಲ್ಲಿ ಕಲ್ಕತ್ತಾ ಕಾರ್ಪೊರೇಷನ್ನಿನ ಮುಖ್ಯ ಅಧಿಕಾರಿಯಾದರು. ಸಂಬಳ ಮೂರು ಸಾವಿರ, ತೆಗೆದುಕೊಂಡದ್ದು ಅರ್ಧ. ಅದೇ ವರ್ಷ ಬ್ರಿಟಿಷರು ಬಂಧಿಸಿದಾಗ ಸ್ವಲ್ಪ ಕಾಲ ಜೈಲಿನಿಂದಲೇ ಕಾರ್ಪೊರೇಷನ್ ಕಡತಗಳನ್ನು ನೋಡಿದರು. 1930ರಲ್ಲಿ ಮೇಯರೂ ಆದರು.

ಅವರೆಲ್ಲ ಪಾಲಿಕೆಗೆ ಯಾಕೆ ಹೋದರು ಅನ್ನುವುದಕ್ಕೆ ಸರಳ ಕಾರಣವಿದೆ. ಆ ಕಾಲದಲ್ಲಿ ಭಾರತೀಯರ ಕೈಗೆ ಅಷ್ಟಿಷ್ಟಾದರೂ ಅಧಿಕಾರ ಸಿಗುತ್ತಿದ್ದ ಕೆಲವೇ ಜಾಗಗಳಲ್ಲಿ ಅದೂ ಒಂದು. ಆದ್ದರಿಂದ ಈ ಪಟ್ಟಿ ತೋರಿಸಿ ಇವತ್ತೂ ಹಾಗೇ ಆಗುತ್ತೆ ಅಂತ ನಾನು ಹೇಳಿದರೆ ಅದು ಮೋಸ.

ನಮ್ಮವರದ್ದೇ ಒಂದು ಹೆಸರು ನಿಮಗೆ ನೆನಪಿಸಬೇಕು. ಬಿ.ಡಿ. ಜತ್ತಿ. 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯರು, ಮುಂದೆ ಅಧ್ಯಕ್ಷರು. ಜಮಖಂಡಿ ಸಂಸ್ಥಾನ ಮುಂಬಯಿ ಪ್ರಾಂತ್ಯದಲ್ಲಿ ಸೇರಿಕೊಂಡ ಮೇಲೆ ಮುಂಬಯಿ ವಿಧಾನಸಭೆಗೆ ಬಂದರು, ಇಲ್ಲಿನ ಸರ್ಕಾರದಲ್ಲಿ ಉಪಮಂತ್ರಿಯಾದರು. 1958ರಲ್ಲಿ ಮೈಸೂರಿನ ಮುಖ್ಯಮಂತ್ರಿ. ಉಪರಾಷ್ಟ್ರಪತಿಯಾಗಿದ್ದಾಗ 1977ರಲ್ಲಿ ಐದಾರು ತಿಂಗಳು ಹಂಗಾಮಿ ರಾಷ್ಟ್ರಪತಿಯೂ ಆದರು. ದೇವೇಗೌಡರು ಹೊಳೆನರಸೀಪುರದ ಸಹಕಾರಿ ಸಂಘ, ತಾಲ್ಲೂಕು ಬೋರ್ಡು ಅಂತ ಓಡಾಡಿಕೊಂಡಿದ್ದವರು. ತೀರಾ ಹಳೆಯದಾಯಿತು ಅಂದರೆ, ಈಗಿನ ರಾಷ್ಟ್ರಪತಿ ದ್ರೌಪದಿ ಮುರ್ಮು 1997ರಲ್ಲಿ ಒಡಿಶಾದ ರಾಯರಂಗಪುರದಲ್ಲಿ ಕೌನ್ಸಿಲರ್. ನಮ್ಮ ಮನೋಹರ ಜೋಶಿ ಇಲ್ಲೇ ನಗರಸೇವಕ (ಅಂದರೆ ಕಾರ್ಪೊರೇಟರ್), ಮೇಯರ್, ಮುಖ್ಯಮಂತ್ರಿ, ಕೊನೆಗೆ ಲೋಕಸಭೆಯ ಸ್ಪೀಕರ್.

ಹಾಗಾದರೆ ವಾರ್ಡಿನಲ್ಲಿ ಏನು ಕಲಿಯುತ್ತಾರೆ? ಯಾವುದಾದರೂ ನಗರಸೇವಕರ ಆಫೀಸಿನಲ್ಲಿ ಬೆಳಿಗ್ಗೆ ಒಂದು ಗಂಟೆ ಸುಮ್ನೆ ಕೂತು ನೋಡಿ. ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಮೂರನೇ ಮಹಡಿಗೆ ನೀರು ಏರುತ್ತಿಲ್ಲ ಎಂಬ ಹೆಂಗಸು. ಲೆಟರ್‌ಹೆಡ್ಡಿನಲ್ಲಿ ವಿಳಾಸದ ಪತ್ರ ಬೇಕಾದ ಹುಡುಗ. ಮಳೆಗಾಲಕ್ಕೆ ಮುಂಚೆ ನಾಲೆಯ ಹೂಳು ತೆಗೆದು ರಸ್ತೆ ಬದಿಯಲ್ಲೇ ಗುಡ್ಡೆ ಹಾಕಿ ಹೋಗಿದ್ದಾರೆ, ವಾಸನೆಗೆ ಗಿರಾಕಿ ಬರ್ತಿಲ್ಲ ಎನ್ನುವ ನಮ್ಮ ಉಡುಪಿ ಕಡೆಯ ಹೊಟೇಲಿನವರು. ಮೂಲೆಯಲ್ಲಿ ಹುಡುಗನೊಬ್ಬ ವಾರ್ಡ್ ಆಫೀಸಿನ ಇಂಜಿನಿಯರಿಗೆ ಫೋನ್ ಹಚ್ಚುತ್ತಲೇ ಇರುತ್ತಾನೆ. ಅವರು ಎತ್ತುವುದಿಲ್ಲ. ಇಲ್ಲಿ ಭಾಷಣ ನಡೆಯದು. ನಾಳೆ ಬೆಳಿಗ್ಗೆ ಅದೇ ಹೆಂಗಸು ಮತ್ತೆ ಬರುತ್ತಾಳೆ, ನೀರು ಬಂತೋ ಇಲ್ಲವೋ ಹೇಳುತ್ತಾಳೆ. ಸಂಸದರಿಗೆ ಈ ಕಾಟ ಇಷ್ಟು ಹತ್ತಿರದಿಂದ ಇರುವುದಿಲ್ಲ.

ಇನ್ನೊಂದು ವಿಷಯ ಮುಂಬಯಿಗೇ ವಿಶೇಷ. ಇಲ್ಲಿ ಪಾಲಿಕೆ ನಡೆಯುವುದು ಇವತ್ತಿಗೂ 1888ರ ಕಾಯ್ದೆಯ ಮೇಲೆ. ಅದನ್ನು ರೂಪಿಸುವುದರಲ್ಲಿ ಮೆಹ್ತಾರ ಕೈ ದೊಡ್ಡದು. ಆ ಕಾಯ್ದೆಯಲ್ಲಿ ಆಡಳಿತದ ಚಾವಿ ಸರ್ಕಾರ ನೇಮಿಸುವ ಅಧಿಕಾರಿಯಾದ ಕಮಿಷನರ್ ಕೈಯಲ್ಲಿ. ಮೇಯರ್ ಸಭೆ ನಡೆಸುತ್ತಾರೆ, ಹಾರ ಹಾಕಿಸಿಕೊಳ್ಳುತ್ತಾರೆ. ದುಡ್ಡಿನ ಮೇಲೆ ಕಣ್ಣಿಡುವುದು ನಗರಸೇವಕರ ಸ್ಟ್ಯಾಂಡಿಂಗ್ ಕಮಿಟಿ. ಹಾಗಾಗಿ ಇಲ್ಲಿನ ನಗರಸೇವಕ ಆಳುವುದನ್ನು ಕಲಿಯುವುದಕ್ಕಿಂತ ಅಧಿಕಾರಿಯನ್ನು ಕೇಳುವುದನ್ನು ಜಾಸ್ತಿ ಕಲಿಯುತ್ತಾನೆ. ಜಾರ್ಜ್‌ಗೆ ಈ ಪಾಠ ಹೊಂದಿಬಂತು ಅಂತ ನನಗೆ ಅನ್ನಿಸುತ್ತದೆ.

ನಿಮ್ಮ ಪತ್ರದಲ್ಲಿ ನಾನು ಒಪ್ಪುವ ಮಾತೂ ಇದೆ. "ಈಗ ಅಲ್ಲಿ ಕಂಟ್ರಾಕ್ಟರುಗಳದ್ದೇ ದರ್ಬಾರು" ಎಂದಿದ್ದೀರಿ. ಪೂರ್ತಿ ಸುಳ್ಳು ಅನ್ನಲಾರೆ. ಆದರೆ ವಾರ್ಡಿನಿಂದ ದಿಲ್ಲಿಗೆ ಏರುವ ಏಣಿ ಮುರಿದದ್ದಕ್ಕೆ ಅದೊಂದೇ ಕಾರಣವಲ್ಲ. ಪಾಲಿಕೆಯಲ್ಲಿ 227 ವಾರ್ಡುಗಳು, ವಿಧಾನಸಭೆಗೆ 36 ಸೀಟು, ಲೋಕಸಭೆಗೆ ಬರೀ ಆರು. ಪ್ರತಿ ಚುನಾವಣೆಗೆ ಮುಂಚೆ ಯಾವ ವಾರ್ಡು ಯಾರಿಗೆ ಮೀಸಲು ಅಂತ ಚೀಟಿ ಎತ್ತುತ್ತಾರೆ. ಐದು ವರ್ಷ ದುಡಿದವನ ವಾರ್ಡು ಕೈತಪ್ಪಬಹುದು. ಆಗ ಹೆಂಡತಿಯನ್ನು ನಿಲ್ಲಿಸಿ ತಾನೇ ಕಾರುಬಾರು ನಡೆಸುವ ಗಂಡಂದಿರನ್ನು ನೀವೂ ನೋಡಿದ್ದೀರಿ. ಮಹಿಳೆಯರಿಗೆ ಅರ್ಧ ಸೀಟು ಕೊಟ್ಟದ್ದು ತಪ್ಪಲ್ಲ, ಅದರಿಂದ ಒಳ್ಳೆಯ ಹೆಣ್ಣುಮಕ್ಕಳು ಬಂದಿದ್ದಾರೆ. ಪ್ರತಿ ಸಲ ಚೀಟಿ ಎತ್ತಿ ವಾರ್ಡು ಬದಲಿಸುವ ಪದ್ಧತಿ ಮಾತ್ರ ಯಾರನ್ನೂ ಬೇರು ಬಿಡಲು ಬಿಡುವುದಿಲ್ಲ. ಇದಕ್ಕಿಂತ ಕೆಟ್ಟದ್ದು ಚುನಾವಣೆಯನ್ನೇ ಮಾಡದಿರುವುದು. 2017ರಲ್ಲಿ ಆರಿಸಿ ಬಂದವರ ಅವಧಿ 2022ರ ಮಾರ್ಚ್‌ನಲ್ಲಿ ಮುಗಿಯಿತು. ಮತ್ತೆ ಮತದಾನ ನಡೆದದ್ದು 2026ರ ಜನವರಿಯಲ್ಲಿ. ನಡುವೆ ದೇಶದ ಅತಿ ಶ್ರೀಮಂತ ಪಾಲಿಕೆಯಲ್ಲಿ ಜನ ಆರಿಸಿದ ಒಬ್ಬರೂ ಇರಲಿಲ್ಲ. ಆ ಮೂರೂವರೆ ವರ್ಷಕ್ಕೂ ಮೀರಿದ ಕಾಲದಲ್ಲಿ ತಯಾರಾಗಬೇಕಿದ್ದ ಹುಡುಗರು ಎಲ್ಲಿ ಹೋದರು? ಪಕ್ಷದ ಬ್ಯಾನರ್ ಕಟ್ಟುತ್ತಿದ್ದರು.

ನಾವಾದರೂ ಏನು ಮಾಡಿದ್ದೇವೆ? ಸಂಘದ ಚುನಾವಣೆಗೆ ಮನೆಮನೆಗೆ ಹೋಗಿ ಮತ ಕೇಳುವ ಉತ್ಸಾಹ ನಮಗಿದೆ. ವಾರ್ಷಿಕೋತ್ಸವಕ್ಕೆ ನಗರಸೇವಕರನ್ನು ಕರೆದು ಶಾಲು ಹೊದಿಸುತ್ತೇವೆ. ಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳ ವಿಷಯವನ್ನು ಅವರ ಕಿವಿಗೆ ಹಾಕುವವರು ಕಡಿಮೆ. ಆ ಶಾಲೆಗಳ ಹಣೆಬರಹ ಬರೆಯುವುದು ಪಾಲಿಕೆಯ ಶಿಕ್ಷಣ ಸಮಿತಿ. ಅಲ್ಲಿ ನಮ್ಮ ಮಾತು ಎತ್ತಲು ಒಬ್ಬರಾದರೂ ಬೇಕಲ್ಲ?

ಇನ್ನು ನಿಮ್ಮ ಅಣ್ಣನ ಮಗನ ವಿಷಯ. ಬೇಡ ಅಂತ ನಾನು ಹೇಳುವುದಿಲ್ಲ. ಕೆಲಸ ಬಿಟ್ಟು ಇಳಿ ಅಂತಲೂ ಹೇಳಲಾರೆ, ಮನೆಯ ಸಾಲದ ಕಂತು ಇದೆ ಎಂದು ನೀವೇ ಬರೆದಿದ್ದೀರಿ. ಅವನು ಮೊದಲು ವಾರ್ಡ್ ಆಫೀಸಿಗೆ ಹೋಗಲಿ. ತನ್ನ ಸೊಸೈಟಿಯ ಒಂದೇ ಒಂದು ದೂರನ್ನು ಹಿಡಿದು, ನೀರಿನದ್ದೋ ರಸ್ತೆಯದ್ದೋ, ಕೊನೆಯ ತನಕ ಬೆನ್ನು ಹತ್ತಲಿ. ಫೆಬ್ರವರಿಯಲ್ಲಿ ಪಾಲಿಕೆಯ ಬಜೆಟ್ ಬರುತ್ತದೆ, ಮುಲುಂಡಿನ ಪಾಲು ಎಷ್ಟು ಅಂತ ಹುಡುಕಲಿ. ನಮ್ಮ ಹುಡುಗರು ಮರಾಠಿ ಚೆನ್ನಾಗಿ ಮಾತಾಡುತ್ತಾರೆ, ಕಾಗದ ಬರೆ ಅಂದರೆ ತಡವರಿಸುತ್ತಾರೆ. ಪಾಲಿಕೆಯ ವ್ಯವಹಾರ ನಡೆಯುವುದೇ ಮರಾಠಿಯಲ್ಲಿ. ಆದ್ದರಿಂದ ಮೊದಲ ಅರ್ಜಿಯನ್ನು ಅವನು ಯಾರಿಂದಲೂ ಬರೆಸದೆ ತಾನೇ ಮರಾಠಿಯಲ್ಲಿ ಬರೆಯಲಿ. ಅದಕ್ಕೆ ವಾರ್ಡ್ ಆಫೀಸಿನಿಂದ ಏನು ಜವಾಬು ಬಂತು ಅಂತ ನಮಗೂ ತಿಳಿಸಲಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ.

— ಸಂಪಾದಕ