ಓಡೋನಿ ಚಿತ್ರದಲ್ಲಿರುವ ಶಿಲ್ಪಗಳು ಅವನದೇನಾ?

ಇಟಲಿಯ ಚಿತ್ರಕಾರ ಲೊರೆಂಜೊ ಲೊಟ್ಟೊ 1527ರಲ್ಲಿ ಬರೆದ ಆಂಡ್ರಿಯಾ ಓಡೋನಿಯ ಚಿತ್ರದಲ್ಲಿ ಕಾಣುವ ಶಿಲ್ಪಗಳೆಲ್ಲ ಓಡೋನಿಯ ಸ್ವಂತದ್ದೇನಾ ಅಂತ ಕೇಳಿದ್ದೀರಿ. ಎಲ್ಲವೂ ಅಲ್ಲ. ಓಡೋನಿ ವೆನಿಸ್ಸಿನ ಶ್ರೀಮಂತ ವ್ಯಾಪಾರಿ, ಹಳೆಯ ಶಿಲ್ಪಗಳನ್ನು ನಿಜಕ್ಕೂ ಕೂಡಿಟ್ಟಿದ್ದವನು. ಆದರೆ ಹಿಂದೆ ಕಾಣುವ, ಗ್ರೀಕ್ ಪುರಾಣದ ಹರ್ಕ್ಯುಲಿಸ್ ಮತ್ತು ಆಂಟೇಯಸ್ ಕುಸ್ತಿಯ ಶಿಲ್ಪದ ಮೂಲ ಆಗ ರೋಮಿನಲ್ಲಿ, ಪೋಪರ ಬಳಿ ಇತ್ತು. ಇಂಥ ಹೆಸರಾಂತ ಶಿಲ್ಪಗಳ ಗಾರೆಯಲ್ಲಿ ಅಚ್ಚೊತ್ತಿದ ಪ್ರತಿಗಳು ಕಲಾವಿದರಿಗೆ ಸಿಗುತ್ತಿದ್ದವು. ಹಾಗಾಗಿ ಈ ಚಿತ್ರವನ್ನು ಓಡೋನಿಯ ಮನೆಯ ಸಾಮಾನಿನ ಪಟ್ಟಿ ಅಂತ ಓದಬೇಡಿ.

ನನಗೆ ಜಾಸ್ತಿ ಇಷ್ಟವಾಗುವುದು ಅವನ ಕೈಗಳು. ಒಂದು ಕೈ ಪ್ರಾಚೀನ ಎಫೆಸಸ್ ನಗರದ ದೇವತೆ ಡಯಾನಾಳ ಪುಟ್ಟ ಮೂರ್ತಿಯನ್ನು ನಮ್ಮ ಕಡೆಗೆ ಚಾಚಿದೆ. ಇನ್ನೊಂದು ಎದೆಯ ಮೇಲಿದೆ. ಆ ಕೈಯಲ್ಲಿ ಒಂದು ಚಿಕ್ಕ ಶಿಲುಬೆ ಇದೆ! ಮೇಲೆ ಬಳಿದಿದ್ದ ಬಣ್ಣದಡಿ ಅದು ಬಹುಕಾಲ ಮುಚ್ಚಿಹೋಗಿತ್ತು. ಚಿತ್ರವನ್ನು ಶುಚಿ ಮಾಡಿದಾಗಲೇ ಮತ್ತೆ ಕಂಡಿದ್ದು. ಅದು ಕಂಡ ಮೇಲೆ ಚಿತ್ರದ ಅರ್ಥವೇ ಬದಲಾಗುತ್ತದೆ, ಅಲ್ವಾ? ಹಳೆಯ ದೇವತೆಯನ್ನು ನಮಗೆ ತೋರಿಸುತ್ತಾನೆ, ತನ್ನ ನಂಬಿಕೆಯನ್ನು ಎದೆಗೆ ಒತ್ತಿಕೊಂಡಿದ್ದಾನೆ. ನಾನು ಹಾಗೆ ಓದುತ್ತೇನೆ. ಡಯಾನಾ ಅಂದರೆ ಪ್ರಕೃತಿ ಅನ್ನುವವರೂ ಇದ್ದಾರೆ.

ಮೇಜಿನ ಬಟ್ಟೆಯ ಅಡಿಯಿಂದ ಇಣುಕುವ ದೊಡ್ಡ ತಲೆಯನ್ನೂ ನೋಡಿ, ಅದು ರೋಮನ್ ಚಕ್ರವರ್ತಿ ಹೇಡ್ರಿಯನ್‌ನದು. 1532ರಲ್ಲಿ ವೆನಿಸ್ಸಿನ ಕಲಾಪ್ರೇಮಿ ಮಾರ್ಕಂತೋನಿಯೊ ಮಿಕಿಯೆಲ್ ಓಡೋನಿಯ ಮನೆಗೆ ಹೋಗಿ ಅಲ್ಲಿನ ವಸ್ತುಗಳನ್ನು ಬರೆದಿಟ್ಟರು. ಆಗ ಈ ಚಿತ್ರ ಮಲಗುವ ಕೋಣೆಯಲ್ಲಿತ್ತು. ಈಗ ಅದು ಬ್ರಿಟನ್ನಿನ ರಾಜಮನೆತನದ ಸಂಗ್ರಹದಲ್ಲಿದೆ.