ಮನೆ ರೇಟು ಇಳೀತಾ ಇದೆ. ಈಗಲೇ ಮಾರಿ ದೊಡ್ಡ ಮನೆ ತಗೊಳ್ಳೋದಾ, ರೇಟು ಏರಲಿ ಅಂತ ಕಾಯೋದಾ?

ಕಾಯಬೇಡಿ. ನಾನು ಕಾದು ಕೆಟ್ಟವನು, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮದೂ ಇದೇ ಕಥೆ. ಮಕ್ಕಳು ದೊಡ್ಡವರಾದರು, ಮನೆ ಸಾಲುತ್ತಿರಲಿಲ್ಲ. ಅದೇ ಊರಲ್ಲಿ ಒಂದು ರೂಮು ಜಾಸ್ತಿ ಇರುವ ಮನೆಯ ಮೇಲೆ ಕಣ್ಣಿಟ್ಟಿದ್ದೆವು. ನಮ್ಮದನ್ನು ಮಾರಲು ಹೊರಟಾಗ ತಲೆಯಲ್ಲಿ ಇದ್ದದ್ದು ಒಂದೇ ರೇಟು. ಹಿಂದಿನ ವರ್ಷ ಪಕ್ಕದ ಮನೆಯವರಿಗೆ ಸಿಕ್ಕಿದ್ದು. ಅವರ ಮನೆಗಿಂತ ನಮ್ಮದು ಚೆನ್ನಾಗಿದೆ ಅಂತ ಅದಕ್ಕೂ ಸ್ವಲ್ಪ ಮೇಲೆಯೇ ಹೇಳಿದೆ.

ಶುರುವಿನಲ್ಲೇ ಗಂಡ ಹೆಂಡತಿ ಇಬ್ಬರು ಬಂದರು. ಆಕೆ ಬ್ಯಾಗಿನಿಂದ ಅಳತೆ ಟೇಪು ತೆಗೆದು ಅಡುಗೆಮನೆ ಗೋಡೆ ಅಳೆದರು. ಫ್ರಿಜ್ ಇಟ್ಟರೆ ಬಾಗಿಲು ಪೂರ್ತಿ ತೆರೆಯುತ್ತಾ ಅಂತ ಕೈ ಚಾಚಿ ನೋಡಿದರು. ಸುಮ್ನೆ ನೋಡಿ ಹೋಗುವವರು ಗೋಡೆ ಅಳೆಯುವುದಿಲ್ಲ. ಸಾಲ ಮಂಜೂರಾದ ಪತ್ರವೂ ಅವರ ಕೈಯಲ್ಲಿತ್ತು. ನಾನು ಹೇಳಿದ್ದಕ್ಕಿಂತ ಶೇ. 6ರಷ್ಟು ಕಡಿಮೆಗೆ ಕೇಳಿದರು. ನಾನು ಚೌಕಾಸಿಗೂ ಕೂರಲಿಲ್ಲ. "ಪಕ್ಕದ ಮನೆಯೇ ಅಷ್ಟಕ್ಕೆ ಹೋಗಿದೆ" ಅಂದುಬಿಟ್ಟೆ. ಅವರು ಎದ್ದು ಹೋದರು.

ನಾನು ಎಡವಿದ್ದು ಇಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪಕ್ಕದವರು ಮಾರಿದಾಗ ಸಾಲ ಅಗ್ಗವಾಗಿತ್ತು, ಮಾರಾಟಕ್ಕಿದ್ದ ಮನೆಗಳು ಕಡಿಮೆ, ಒಂದೊಂದು ಮನೆಗೆ ನಾಲ್ಕಾರು ಜನ ಮುಗಿಬೀಳುತ್ತಿದ್ದರು. ನನ್ನ ಸರದಿ ಬರುವ ಹೊತ್ತಿಗೆ ಬಡ್ಡಿ ಏರಿತ್ತು. 20 ವರ್ಷದ ಸಾಲಕ್ಕೆ ಬಡ್ಡಿ ಶೇ. 8ರಿಂದ 9ಕ್ಕೆ ಹೋದರೆ, ಅದೇ ಕಂತು ಕಟ್ಟುವವರಿಗೆ ಸಿಗುವ ಸಾಲ ಸುಮಾರು ಶೇ. 7ರಷ್ಟು ಕಡಿಮೆಯಾಗುತ್ತದೆ. ಅಂದರೆ ಬಂದವರು ಜಿಪುಣರೇನೂ ಆಗಿರಲಿಲ್ಲ, ಅವರ ಕೈಗೆ ಎಟುಕುತ್ತಿದ್ದದ್ದೇ ಅಷ್ಟು. ಪಕ್ಕದ ಮನೆಗೆ ದುಡ್ಡು ಕೊಟ್ಟ ಥರದ ಗಿರಾಕಿಯೇ ಈಗ ಮಾರುಕಟ್ಟೆಯಲ್ಲಿ ಇರಲಿಲ್ಲ. ನಾನು ಇಲ್ಲದ ಗಿರಾಕಿಗೋಸ್ಕರ ಇದ್ದ ಗಿರಾಕಿಯನ್ನು ಕಳಿಸಿದೆ.

ಇದು ಬೇಗ ಗೊತ್ತಾಗುವುದೂ ಇಲ್ಲ. ಮನೆ ಮಾರುಕಟ್ಟೆ ತಣ್ಣಗಾಗುವಾಗ ಸಾಮಾನ್ಯವಾಗಿ ಮೊದಲು ನಿಲ್ಲುವುದು ವ್ಯಾಪಾರ, ರೇಟು ಇಳಿಯುವುದು ಆಮೇಲೆ. ಮಾರುವವರು ಹಳೇ ರೇಟು ಬಿಡುವುದಿಲ್ಲ, ಕೊಳ್ಳುವವರು ಅಷ್ಟು ಕೊಡುವುದಿಲ್ಲ. ಇಳಿದ ರೇಟಿಗೆ ಯಾರೂ ಮಾರದೇ ಇರುವುದರಿಂದ ರೇಟು ಇಳಿದೇ ಇಲ್ಲ ಅನ್ನಿಸುತ್ತದೆ. ನನ್ನಂಥವರು ಎಲ್ಲ ಕಡೆ ಇದ್ದಾರೆ ಬಿಡಿ. ಡೇವಿಡ್ ಜೆನೆಸೊವ್, ಕ್ರಿಸ್ಟೊಫರ್ ಮೇಯರ್ ಅನ್ನುವ ಅರ್ಥಶಾಸ್ತ್ರಜ್ಞರು 1990ರ ದಶಕದ ಬಾಸ್ಟನ್ ನಗರದ ಅಪಾರ್ಟ್‌ಮೆಂಟ್ ಮಾರಾಟಗಳನ್ನು ನೋಡಿ 2001ರಲ್ಲಿ ಬರೆದಿದ್ದಾರೆ. ಕೊಂಡ ಬೆಲೆಗಿಂತ ಕಡಿಮೆಗೆ ಮಾರಬೇಕಾಗಿ ಬಂದವರು ಉಳಿದವರಿಗಿಂತ ಜಾಸ್ತಿ ರೇಟು ಹೇಳುತ್ತಿದ್ದರಂತೆ. ಸ್ವಲ್ಪ ಜಾಸ್ತಿ ಸಿಗುತ್ತಲೂ ಇತ್ತು, ಆದರೆ ಮನೆ ಮಾರಾಟವಾಗಲು ಹೆಚ್ಚು ದಿನ ಹಿಡಿಯುತ್ತಿತ್ತು. ನನಗೆ ಆ ಸ್ವಲ್ಪವೂ ಸಿಗಲಿಲ್ಲ.

ಫೋನ್ ಬರುವುದು ನಿಂತಿತು. ಸ್ವಲ್ಪ ಇಳಿಸಿದೆ. ಅಷ್ಟರಲ್ಲಿ ಬೇರೆಯವರು ಇನ್ನೂ ಕೆಳಗೆ ಹೇಳುತ್ತಿದ್ದರು. ಮತ್ತೆ ಇಳಿಸಿದೆ, ಆಗಲೂ ಒಂದು ಹೆಜ್ಜೆ ಹಿಂದೆಯೇ. ಆಮೇಲೆ ಬಂದವರೆಲ್ಲ "ಇಷ್ಟು ದಿನವಾದರೂ ಹೋಗಿಲ್ವಾ? ಏನೋ ತಕರಾರು ಇರಬೇಕು" ಅನ್ನುವ ಮುಖ ಮಾಡಿ ಒಂದೇ ಕಾಗದಪತ್ರವನ್ನು ಮತ್ತೆ ಮತ್ತೆ ಕೇಳಿದರು. ಕೊನೆಗೆ ಮಾರಿದ್ದು ಆ ಮೊದಲ ದಂಪತಿ ಕೇಳಿದ್ದಕ್ಕಿಂತ ಎಷ್ಟೋ ಕಡಿಮೆಗೆ. ನಾವು ಕಣ್ಣಿಟ್ಟಿದ್ದ ಮನೆಯೂ ಬೇರೆಯವರ ಪಾಲಾಯಿತು. ಅದರ ಮಾಲೀಕರು ಬುದ್ಧಿವಂತರು, ಬೇಗನೆ ಇಳಿಸಿ ಕೊಟ್ಟು ಕೈತೊಳೆದುಕೊಂಡಿದ್ದರು.

ಇನ್ನು ನಿಮ್ಮ ಪ್ರಶ್ನೆ. ರೇಟು ಏರಿದ ಮೇಲೆ ಮಾರಿದರೆ ಲಾಭ ಅನ್ನುವ ಲೆಕ್ಕವೇ ನಿಮಗೆ ಹೊಂದುವುದಿಲ್ಲ. ನೀವು ಮಾರುವವರೂ ಹೌದು, ಕೊಳ್ಳುವವರೂ ಹೌದು. ನಿಮ್ಮ ಮನೆ 100, ಬೇಕಾದ ಮನೆ 150 ಅಂತ ಇಟ್ಟುಕೊಳ್ಳಿ. ಮೇಲೆ ಹಾಕಬೇಕಾದ್ದು 50. ಎರಡೂ ಶೇ. 10 ಇಳಿದರೆ 90 ಮತ್ತು 135, ಹಾಕಬೇಕಾದ್ದು 45. ಎರಡೂ ಶೇ. 10 ಏರಿದರೆ 55. ಬಡ್ಡಿ 8ರಿಂದ 9ಕ್ಕೆ ಏರಿದರೂ ಆ 45ರ ಕಂತು ಹಳೇ 50ರ ಕಂತಿಗಿಂತ ಕಡಿಮೆಯೇ. ಇಳಿದ ಮಾರುಕಟ್ಟೆ ನಿಮ್ಮ ಪರ ಆಯ್ತು, ಅಲ್ವಾ? ಕಾಯುವ ಮಾತು ಚಿಕ್ಕ ಮನೆಗೆ ಹೋಗುವವರು ಆಡಲಿ. ನಿಮ್ಮ ಹಳೇ ಸಾಲವೇ ಮನೆಯ ಈಗಿನ ಬೆಲೆಗಿಂತ ಜಾಸ್ತಿ ಉಳಿದಿದ್ದರೆ ಮಾತ್ರ ಮೊದಲು ಬ್ಯಾಂಕಿಗೆ ಹೋಗಿ ಕೂತು ಮಾತಾಡಿ.

ರೇಟು ಹೇಳುವಾಗ ಜಾಹೀರಾತಿನ ರೇಟು ನೋಡಬೇಡಿ, ಅದು ಮಾರುವವರ ಆಸೆ ಅಷ್ಟೆ. ಹೋದ ಎರಡು ಮೂರು ತಿಂಗಳಲ್ಲಿ ಅಕ್ಕಪಕ್ಕದಲ್ಲಿ ಯಾವ ಮನೆ ನಿಜವಾಗಿ ಎಷ್ಟಕ್ಕೆ ಹೋಯಿತು ಅಂತ ವಿಚಾರಿಸಿ, ಅದಕ್ಕಿಂತ ಒಂದು ಚೂರು ಕೆಳಗೆ ಹೇಳಿ. ನಿಮ್ಮ ಮನೆಯ ಅಡ್ವಾನ್ಸ್ ಕೈಗೆ ಬಂದ ಮೇಲೆಯೇ ಹೊಸ ಮನೆಗೆ ಅಡ್ವಾನ್ಸ್ ಕೊಡಿ. ಆ ಮನೆಯವರು ಅಂದಿನ ನನ್ನ ಹಾಗೆ ಹಳೇ ರೇಟಿಗೇ ಪಟ್ಟು ಹಿಡಿದಿದ್ದರೆ ಅವರ ಜೊತೆ ಜಾಸ್ತಿ ದಿನ ಹೆಣಗಬೇಡಿ. ಬೇರೆ ಮನೆ ನೋಡಿ, ಈಗ ಮಾರಾಟಕ್ಕೆ ಬೇಕಾದಷ್ಟು ಇರುತ್ತವೆ.