ದಿನಾ ರೀಲ್ ಹಾಕಿ ಹಾಕಿ ಹಾಡು ಬರೆಯೋಕೇ ಟೈಮಿಲ್ಲ, ಏನ್ ಮಾಡ್ಲಿ?

ಅಕ್ಕಾ, ನನ್ನ ಹಾಡು ನಾನೇ ಬರೆದು, ರೆಕಾರ್ಡ್ ಮಾಡಿ, ರಿಲೀಸ್ ಮಾಡ್ತೀನಿ. ಲೇಬಲ್ಲು, ಮ್ಯಾನೇಜರು ಯಾರೂ ಇಲ್ಲ. ದಿನಕ್ಕೊಂದು ರೀಲ್ ಹಾಕ್ಲೇಬೇಕು ಅಂತ ಎಲ್ರೂ ಹೇಳಿದ್ರು ಅಂತ ಶುರು ಮಾಡಿದೆ, ಈಗ ಶೂಟು, ಎಡಿಟು, ಕ್ಯಾಪ್ಷನ್ನು ಅಂತ ದಿನಾನೇ ಮುಗಿದೋಗತ್ತೆ, ಹೊಸ ಹಾಡು ಅರ್ಧಕ್ಕೇ ನಿಂತಿದೆ. ನಿಲ್ಲಿಸಿದ್ರೆ ಅಲ್ಗಾರಿದಮ್ ನನ್ನ ಮರೆತುಬಿಡತ್ತೆ ಅಂತ ಭಯ. ಗಿಟಾರ್ ನುಡಿಸೋ ಫ್ರೆಂಡ್ ಬೇರೆ 'ನಾನು ನುಡಿಸೋಕೆ ಬಂದಿದ್ದು, ಕ್ಯಾಮೆರಾ ಹಿಡಿಯೋಕಲ್ಲ' ಅಂತ ಸಿಡುಕ್ತಾನೆ.
- ಸುಸ್ತಾದ ಸಿಂಗರ್

ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು ಒಂದೇ ಮಾತು ನೋಡಿ, ಹೊಸ ಹಾಡು ಅರ್ಧಕ್ಕೇ ನಿಂತಿದೆ ಅನ್ನೋದು. ಮಿಕ್ಕಿದ್ದನ್ನೆಲ್ಲ ಆಮೇಲೆ ಸರಿ ಮಾಡ್ಕೋಬಹುದು. ದಿನಕ್ಕೊಂದು ಅನ್ನೋ ಲೆಕ್ಕ ವಿಡಿಯೋನೇ ಕಸುಬು ಮಾಡ್ಕೊಂಡೋರಿಗೆ ಸರಿ, ಅವರು ಬೆಳಗೆದ್ದು ಮಾಡೋ ಕೆಲಸಾನೇ ಅದು. ನೀವು ಹಾಡಿನ ಲೆಕ್ಕಕ್ಕೆ ವಿಡಿಯೋ ಮಾಡಿ. ರಿಲೀಸ್ ಹಿಂದೆಮುಂದೆ ಜಾಸ್ತಿ ಹಾಕಿ, ಬೇರೆ ಟೈಮಲ್ಲಿ ವಾರಕ್ಕೊಂದು ಸಾಕು, ಬರೆಯೋ ಹುರುಪಿದ್ದಾಗ ಅದನ್ನೂ ಬಿಡಿ.

ಅಲ್ಗಾರಿದಮ್ ಭಯ ಅಂದ್ರಲ್ಲ, ಅದಕ್ಕೆ ನಿಮ್ಮ ಹತ್ರಾನೇ ಸಾಕ್ಷಿ ಇದೆ. ರೀಲನ್ನೇ ಯೂಟ್ಯೂಬಲ್ಲಿ ಶಾರ್ಟ್ಸ್ ಅಂತಾನೂ ಹಾಕ್ತಿದ್ರೆ, ಚಾನೆಲ್ ಲೆಕ್ಕ ತೋರಿಸೋ ಯೂಟ್ಯೂಬ್ ಸ್ಟುಡಿಯೋದಲ್ಲಿ ಒಂದೊಂದು ಶಾರ್ಟ್ಸ್‌ಗೂ ಎಷ್ಟು ಪರ್ಸೆಂಟ್ ಜನ ನಿಂತು ನೋಡಿದ್ರು, ಎಷ್ಟು ಜನ ಸ್ವೈಪ್ ಮಾಡ್ಕೊಂಡು ಹೋದ್ರು ಅಂತ ತೋರಿಸತ್ತೆ. ನಿದ್ದೆಗೆಟ್ಟು 'ಇವತ್ತಿನ ಕೋಟಾ ಮುಗೀಲಿ' ಅಂತ ಹಾಕಿದ್ದನ್ನೂ ಖುಷಿಯಿಂದ ಮಾಡಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿ, ದಿನಾ ಹಾಕಿದ್ದಕ್ಕೆ ಏನು ಸಿಕ್ತು ಅಂತ ನಿಮಗೇ ಗೊತ್ತಾಗತ್ತೆ. ಸಿಕ್ಕಿದ್ರೆ ಮುಂದುವರಿಸಿ, ನಾನ್ಯಾಕೆ ಬೇಡ ಅನ್ಲಿ?

ಈಗ ಕೆಲಸದ ವಿಷಯ. ದಿನಾ ಶೂಟ್ ಮಾಡೋದನ್ನ ಮೊದಲು ನಿಲ್ಲಿಸಿ. ಒಂದು ಹಾಡಿಗೆ ಒಂದು ದಿನ ಶೂಟು, ಇನ್ನೊಂದಿನ ಎಡಿಟು, ಎರಡನ್ನೂ ಒಂದೇ ದಿನಕ್ಕೆ ತುರುಕ್ಬೇಡಿ, ಯಾಕಂದ್ರೆ ಶೂಟ್ ಮುಗಿಯೋ ಹೊತ್ತಿಗೆ ಆ ಹಾಡು ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿರತ್ತೆ, ಆವಾಗ ಯಾವ ಟೇಕ್ ಚೆನ್ನಾಗಿದೆ ಅಂತಾನೂ ಗೊತ್ತಾಗಲ್ಲ. ಹಾಡಲ್ಲಿ ಜನ ಗುನುಗೋ ಥರದ ಹದಿನೈದಿಪ್ಪತ್ತು ಸೆಕೆಂಡ್ ಆರಿಸ್ಕೊಳ್ಳಿ, ಮೂರು ಬಟ್ಟೆ, ಮೂರು ಜಾಗ, ಕಿಟಕಿ ಬೆಳಕಲ್ಲಿ ತೆಗೆಯೋದನ್ನೆಲ್ಲ ಮೊದಲು ಮುಗಿಸಿ, ಬೆಳಕು ನಿಮಗೋಸ್ಕರ ಕಾಯಲ್ಲ. ಫೈನಲ್ ಟ್ರ್ಯಾಕನ್ನ ಸ್ಪೀಕರಲ್ಲಿ ಜೋರಾಗಿ ಹಾಕಿ ಅದ್ರ ಜೊತೆ ಹಾಡಿ, ಆದ್ರೆ ಪೂರ್ತಿ ದನಿ ಬಿಡ್ಬೇಡಿ, ಹತ್ತು ಟೇಕ್ ಆಗೋಷ್ಟರಲ್ಲಿ ಗಂಟಲು ಕೂತೋಗತ್ತೆ. ಹಾಗಂತ ಬರೀ ತುಟಿ ಆಡ್ಸಿದ್ರೂ ಆಗಲ್ಲ, ಉಸಿರು, ಕತ್ತಿನ ನರ ಏನೂ ಅಲ್ಲಾಡದೆ ಸುಳ್ಳು ಅಂತ ಗೊತ್ತಾಗ್ಬಿಡತ್ತೆ. ಅರ್ಧ ದನಿಯಲ್ಲಿ, ಬಾಯಿ ಪೂರ್ತಿ ತೆರೆದು, ಉಸಿರು ಸರಿಯಾಗಿ ಎಳ್ಕೊಂಡು ಹಾಡಿ ಸಾಕು. ಫೋನು ಸ್ಪೀಕರ್ ಸೌಂಡನ್ನೂ ರೆಕಾರ್ಡ್ ಮಾಡ್ಕೊಳ್ಳತ್ತೆ, ಎಡಿಟಲ್ಲಿ ಆ ಸೌಂಡಿನ ವೇವ್‌ಫಾರ್ಮನ್ನ, ಅಂದ್ರೆ ಏರಿಳಿತದ ಗೆರೆನ, ಒರಿಜಿನಲ್ ಟ್ರ್ಯಾಕ್ ಜೊತೆ ಕೂರಿಸಿ ಫೋನಿನ ಸೌಂಡನ್ನ ಮ್ಯೂಟ್ ಮಾಡಿದ್ರೆ ತುಟಿಗೂ ಹಾಡಿಗೂ ತಾಳೆ ಹಾಕೋ ಸಿಂಕ್ ತಲೆನೋವೇ ಇಲ್ಲ. 4ಕೆ ಹುಚ್ಚೂ ಬೇಡ. ಐಫೋನಲ್ಲಿ ಸೆಕೆಂಡಿಗೆ 30 ಫ್ರೇಮಿನ ಲೆಕ್ಕದಲ್ಲಿ ಒಂದು ನಿಮಿಷ 4ಕೆ ಅಂದ್ರೆ 170 ಎಂಬಿ ಆಸುಪಾಸು ತಿನ್ನತ್ತೆ, ಅದಕ್ಕಿಂತ ಕಮ್ಮಿ ಕ್ವಾಲಿಟಿಯ 1080 ಆದ್ರೆ 60 ಎಂಬಿ. ಅಡ್ಡ ತೆಗೆದು ಆಮೇಲೆ ಕ್ರಾಪ್ ಮಾಡೋದಿಲ್ದಿದ್ರೆ, ರೀಲ್‌ಗೆ ನೆಟ್ಟಗೆ ಹಿಡಿದ 1080 ಧಾರಾಳ ಸಾಕು.

ಕೈ, ಗಿಟಾರ್ ತಂತಿ, ಸಾಹಿತ್ಯ ಬರೆದ ಪುಟ, ಇವನ್ನೂ ಅವತ್ತೇ ಚೂರುಚೂರು ತೆಕ್ಕೊಂಡುಬಿಡಿ. ಸ್ಪಾಟಿಫೈಯಲ್ಲಿ ಹಾಡು ಓಡ್ವಾಗ ಸ್ಕ್ರೀನಲ್ಲಿ ಸುತ್ತೋ ಪುಟ್ಟ ವಿಡಿಯೋ, ಅಂದ್ರೆ ಕ್ಯಾನ್ವಾಸ್‌ಗೆ, ಬೇಕಾಗೋದು ಬರೀ 3ರಿಂದ 8 ಸೆಕೆಂಡ್, ಇದ್ರಲ್ಲೇ ಸಿಗತ್ತೆ.

ರಿಲೀಸ್ ಡೇಟನ್ನ ಹತ್ರ ಇಟ್ಕೊಳ್ಳೋದೂ ಈ ಸುಸ್ತಿಗೆ ದೊಡ್ಡ ಕಾರಣ. ಹಾಡು ನಿಮ್ಮ ಫಾಲೋವರ್ಸ್‌ದು ರಿಲೀಸ್ ರೇಡಾರಲ್ಲಿ, ಅಂದ್ರೆ ಸ್ಪಾಟಿಫೈ ಅವರಿಗೆ ಕೊಡೋ ಹೊಸ ಹಾಡುಗಳ ಪ್ಲೇಲಿಸ್ಟಲ್ಲಿ, ಬರ್ಲಿ ಅಂದ್ರೆ ಸ್ಪಾಟಿಫೈಗೆ ಕಮ್ಮಿ ಅಂದ್ರೂ 7 ದಿನ ಮುಂಚೆ ಪಿಚ್ ಮಾಡಿರ್ಬೇಕು, ಅಂದ್ರೆ ಈ ಹಾಡನ್ನ ನೋಡಿ ಅಂತ ಕೇಳ್ಕೊಂಡಿರ್ಬೇಕು, ಅದಕ್ಕೂ ಮುಂಚೆ ಹಾಡನ್ನ ಇಂಥ ಆಪ್‌ಗಳಿಗೆ ತಲುಪಿಸೋ ಡಿಸ್ಟ್ರಿಬ್ಯೂಟರ್ ಹತ್ರ ಹಾಡು ಹೋಗಿರ್ಬೇಕು. ಮೂರ್ನಾಲ್ಕು ವಾರ ಮೊದಲೇ ಅಪ್‌ಲೋಡ್ ಮಾಡಿಬಿಡಿ, ಆ ಗ್ಯಾಪಲ್ಲಿ ಒಂದು ಶೂಟ್ ದಿನ, ಒಂದು ಎಡಿಟ್ ದಿನ ಆರಾಮಾಗಿ ಸಿಗತ್ತೆ, ಎಲ್ಲಾ ಶೆಡ್ಯೂಲ್ ಮಾಡಿಟ್ರೆ ರಿಲೀಸ್ ದಿನ ನೀವು ಬರೀ ಕಾಮೆಂಟಿಗೆ ಉತ್ತರ ಕೊಟ್ಕೊಂಡಿರಿ. ಹಾಂ, ಯಾರ ವಿಡಿಯೋದಲ್ಲಿ ನಿಮ್ಮ ಹಾಡಿದೆ ಅಂತ ಪತ್ತೆ ಹಚ್ಚೋ ಯೂಟ್ಯೂಬ್‌ನ ಕಂಟೆಂಟ್ ಐಡಿ ಆನ್ ಮಾಡಿದೀರಾ ನೋಡ್ಕೊಳ್ಳಿ, ಮಾಡಿದ್ರೆ ನಿಮ್ಮ ವಿಡಿಯೋಗೆ ನಿಮ್ಮ ಹಾಡಿನ ಹೆಸರಲ್ಲೇ ಕಾಪಿರೈಟ್ ಕ್ಲೇಮ್ ಬರ್ಬಹುದು, ನನ್ನ ಚಾನೆಲನ್ನ ವೈಟ್‌ಲಿಸ್ಟ್ ಮಾಡಿ, ಅಂದ್ರೆ ಇದಕ್ಕೆ ಕ್ಲೇಮ್ ಹಾಕ್ಬೇಡಿ ಅಂತ ಡಿಸ್ಟ್ರಿಬ್ಯೂಟರ್‌ಗೆ ಮೊದಲೇ ಹೇಳಿ.

ಒಂದು ವಾರದಲ್ಲಿ ಓಡ್ಲಿಲ್ಲ ಅಂತ ಹಾಡನ್ನ ಮೂಲೆಗೆ ತಳ್ಬೇಡಿ. ಕೇಳದೇ ಇರೋರಿಗೆ ಅದು ಹೊಸಾದೇ ತಾನೆ, ಮೂರು ತಿಂಗಳು ಬಿಟ್ಟು ಅದೇ ಹಾಡಿಗೆ ಒಂದು ಅಕೂಸ್ಟಿಕ್ ಕ್ಲಿಪ್ ಹಾಕಿ.

ಇನ್ನು ನಿಮ್ಮ ಫ್ರೆಂಡು. ಅವರ ಸಿಡುಕು ನನಗೆ ತಪ್ಪು ಅನ್ನಿಸ್ಲಿಲ್ಲ, ದಿನಾ 'ಒಂದೇ ಒಂದು ಟೇಕ್ ಕಣೋ' ಅಂತ ಕರೆದ್ರೆ ಯಾರಿಗೆ ಬೇಜಾರಾಗಲ್ಲ ಹೇಳಿ? ಕ್ಯಾಮೆರಾಗೆ ಟ್ರೈಪಾಡ್ ಇಟ್ಬಿಡಿ. ಶೂಟ್ ದಿನ ಯಾವತ್ತು, ಎಷ್ಟು ಗಂಟೆಗೆ ಮುಗಿಯತ್ತೆ ಅಂತ ಮೊದಲೇ ಹೇಳಿ, ಹೇಳಿದ ಟೈಮಿಗೇ ಬಿಟ್ಟು ಕಳಿಸಿ. ಫ್ರೇಮಲ್ಲಿ ಕೂತು ಗಿಟಾರ್ ನುಡಿಸ್ತೀಯಾ ಅಂತಷ್ಟೇ ಕೇಳಿ, ಬೇಡ ಅಂದ್ರೆ ಅವರ ಕೈ ಮಾತ್ರ ಶೂಟ್ ಮಾಡ್ಕೊಳ್ಳಿ. ಉಳಿದ ದಿನ ಕರೆಯೋದಿದ್ರೆ ಆ ಅರ್ಧ ಹಾಡು ಮುಗಿಸೋಕೆ ಕರೀರಿ, ಆವಾಗ ಬರಲ್ಲ ಅಂದ್ರೆ ಅದು ಬೇರೆ ಸಮಸ್ಯೆ, ಇನ್ನೊಂದ್ ಪತ್ರ ಬರೀರಿ.